ರೂಪಾಯಿ ಬೇಕಾ, ಡಾಲರ್ ಬೇಕಾ?

ಇವತ್ತು ರಾಜಕೀಯ ಬೇಡ. ನಿಮ್ಮ ಜೇಬಿನ ವಿಷಯ ಮಾತಾಡೋಣ.

ನಮ್ಮಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಾತ್ರಿ ಡಿಪೋದಲ್ಲಿ ಲೆಕ್ಕ ಪೈಸೆಗೆ ಪೈಸೆ ಸರಿಹೋಗದೆ ಮನೆಗೆ ಬಂದವರೇ ಅಲ್ಲ. ಅವರು ರಿಟೈರ್ ಆದ ಮೇಲೆ ಅಪ್ಪ-ಅಮ್ಮನನ್ನು ಸಿಂಗಪುರಕ್ಕೆ ಕಳಿಸಿದೆ. ಇಬ್ಬರಿಗೂ ಅದೇ ಮೊದಲ ವಿದೇಶ ಪ್ರವಾಸ. ಹೋಟೆಲನ್ನು ಅಲ್ಲಿನ ವೆಬ್‌ಸೈಟಿನಲ್ಲಿ, ಸಿಂಗಪುರ ಡಾಲರ್ ಲೆಕ್ಕದಲ್ಲಿ, ನನ್ನ ಕ್ರೆಡಿಟ್ ಕಾರ್ಡಿನಿಂದ ಬುಕ್ ಮಾಡಿದ್ದೆ. ನಮ್ಮ ದುಡ್ಡಲ್ಲಿ ಹೆಚ್ಚೂಕಡಿಮೆ 1 ಲಕ್ಷ ರೂಪಾಯಿ.

ಅವರು ವಾಪಸ್ ಬರುವಷ್ಟರಲ್ಲಿ ಸ್ಟೇಟ್‌ಮೆಂಟ್ ಬಂದಿತ್ತು. ಅಪ್ಪ ಕನ್ನಡಕ ಹಾಕ್ಕೊಂಡು ಕೂತರು. ಹೋಟೆಲ್ ಬಿಲ್ಲಿನ ಕೆಳಗೆ ಇನ್ನೂ ಎರಡು ಸಾಲು. ಒಂದು 3,500 ರೂಪಾಯಿ, ಇನ್ನೊಂದು 630. "ರೂಮಿನ ಬಾಡಿಗೆ ಕೊಟ್ಟಾಯ್ತಲ್ಲೋ, ಮತ್ತೆ ಇದ್ಯಾವ ಸ್ಟೇಜಿಗೆ ಟಿಕೆಟ್ಟು?" ಅಂದರು. ಇಂಜಿನಿಯರಿಂಗ್ ಓದಿ, ಟಿವಿಯಲ್ಲಿ ಕೂತು ಬಜೆಟ್ ವಿಶ್ಲೇಷಣೆ ಮಾಡೋ ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ವಿದೇಶಿ ಕರೆನ್ಸಿಯಲ್ಲಿ ಖರ್ಚು ಮಾಡಿದಾಗ ಮೊದಲು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಥರದ ನೆಟ್‌ವರ್ಕ್ ಆ ಮೊತ್ತವನ್ನು ರೂಪಾಯಿಗೆ ಬದಲಿಸುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕು ತನ್ನ ಶುಲ್ಕ ಹಾಕುತ್ತದೆ. ಇದಕ್ಕೆ ಫಾರೆಕ್ಸ್ ಮಾರ್ಕಪ್ ಅಂತಾರೆ. ನಮ್ಮ ದೇಶದ ಬಹಳಷ್ಟು ಸಾಮಾನ್ಯ ಕಾರ್ಡುಗಳಲ್ಲಿ ಇದು 3.5 ಪರ್ಸೆಂಟ್. ಆ ಶುಲ್ಕದ ಮೇಲೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ. ಅಲ್ಲಿಗೆ ಒಟ್ಟು 4.13 ಪರ್ಸೆಂಟ್. ಲಕ್ಷಕ್ಕೆ 4,130 ರೂಪಾಯಿ!

ಸರಿ, ಹಾಗಾದ್ರೆ ರೂಪಾಯಲ್ಲೇ ಕಟ್ಟಿಬಿಟ್ರೆ ಉಳಿಯುತ್ತಲ್ಲ? ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಹೆಚ್ಚಿನವರು ಜಾರಿ ಬೀಳೋದೇ ಇಲ್ಲಿ.

ವಿದೇಶದ ಹೋಟೆಲ್ ಕೌಂಟರಿನಲ್ಲಿ ಕಾರ್ಡ್ ಕೊಟ್ಟಾಗ ಮೆಷಿನ್ ಕೇಳುತ್ತದೆ: ಸ್ಥಳೀಯ ಕರೆನ್ಸಿನಾ, ಇಂಡಿಯನ್ ರೂಪಾಯಿನಾ? ಕೆಲವು ವೆಬ್‌ಸೈಟುಗಳೂ ಹೀಗೇ ಕೇಳುತ್ತವೆ. ಊರಿನ ದುಡ್ಡು ನೋಡಿ ನಮಗೆ ಖುಷಿ, ರೂಪಾಯಿ ಒತ್ತಿಬಿಡ್ತೀವಿ. ಇದರ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಷನ್. ಇಲ್ಲಿ ವಿನಿಮಯ ದರ ತೀರ್ಮಾನಿಸೋದು ನಿಮ್ಮ ಬ್ಯಾಂಕ್ ಅಲ್ಲ, ಆ ಅಂಗಡಿ ಕಡೆಯವರು. ಅವರ ಲಾಭ ಆ ದರದೊಳಗೇ ಕೂತಿರುತ್ತದೆ, ಬೇರೆ ಸಾಲಾಗಿ ಕಾಣಿಸೋದಿಲ್ಲ. ಸಾಮಾನ್ಯವಾಗಿ ಬ್ಯಾಂಕಿನ ಶುಲ್ಕಕ್ಕಿಂತಲೂ ಇದೇ ದುಬಾರಿ. ಇಷ್ಟಕ್ಕೇ ಮುಗಿಯಲ್ಲ. ರೂಪಾಯಲ್ಲಿ ಕಟ್ಟಿದರೂ ವ್ಯಾಪಾರಿ ವಿದೇಶದಲ್ಲಿ ನೋಂದಣಿಯಾಗಿದ್ದರೆ, ನಮ್ಮ ಹಲವು ಬ್ಯಾಂಕುಗಳು ಅದಕ್ಕೂ ಪ್ರತ್ಯೇಕ ಶುಲ್ಕ ಹಾಕುತ್ತವೆ. ಆದ್ದರಿಂದ ಸಿಂಗಪುರದಲ್ಲಿ ಸಿಂಗಪುರ ಡಾಲರ್, ದುಬೈನಲ್ಲಿ ದಿರ್ಹಮ್, ಪ್ಯಾರಿಸ್‌ನಲ್ಲಿ ಯೂರೋ. ಅಲ್ಲಿನ ಕರೆನ್ಸಿಯನ್ನೇ ಒತ್ತಿ.

ಹಾಗಾದರೆ ಆ 4,130 ರೂಪಾಯಿ ಉಳಿಸೋದು ಹೇಗೆ? ದಾರಿ ಇದೆ.

ಮೊದಲನೆಯದು, ಕಾರ್ಡ್ ಬದಲಿಸಿ. ಮಾರ್ಕಪ್ ಸೊನ್ನೆ ಇರುವ ಕಾರ್ಡುಗಳು ಈಗ ನಮ್ಮ ಮಾರುಕಟ್ಟೆಯಲ್ಲೇ ಇವೆ, 2 ಪರ್ಸೆಂಟ್ ಇರುವವೂ ಇವೆ. 2 ಪರ್ಸೆಂಟ್ ಅಂದರೆ ಜಿಎಸ್‌ಟಿ ಸೇರಿ ಲಕ್ಷಕ್ಕೆ 2,360 ರೂಪಾಯಿ. ನಿಮ್ಮ ಕಾರ್ಡಿನ ಮಾರ್ಕಪ್ ಎಷ್ಟು? ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಅಂಡ್ ಕಂಡೀಷನ್ಸ್ ಅನ್ನೋ ದಾಖಲೆ ಬ್ಯಾಂಕಿನ ವೆಬ್‌ಸೈಟಲ್ಲಿ ಇರುತ್ತದೆ, ಅಲ್ಲಿ ಬರೆದಿರುತ್ತದೆ. ಸೊನ್ನೆ ಅಂತ ಕಂಡರೆ ವಾರ್ಷಿಕ ಶುಲ್ಕ ಎಷ್ಟು ಅಂತಲೂ ನೋಡಿ. ಇಲ್ಲಿ ಉಳಿಸಿದ್ದು ಅಲ್ಲಿ ಹೋದರೆ ಪ್ರಯೋಜನ ಏನು?

ಎರಡನೆಯದು, ಭಾರತದಲ್ಲೇ ನೋಂದಣಿಯಾದ ಟ್ರಾವೆಲ್ ಕಂಪನಿಯ ಮೂಲಕ ರೂಪಾಯಲ್ಲಿ ಬುಕ್ ಮಾಡಿದರೆ ಈ ಶುಲ್ಕ ಬೀಳೋದಿಲ್ಲ. ಆದರೆ ಅವರ ಬೆಲೆಯೇ ಜಾಸ್ತಿ ಇರಬಹುದು. ವಿದೇಶಿ ಸೈಟಿನ ಬೆಲೆಗೆ ನಿಮ್ಮ ಕಾರ್ಡಿನ ಶುಲ್ಕ ಕೂಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ನಿಮಿಷದ ಕೆಲಸ.

ಮೂರನೆಯದು ಫಾರೆಕ್ಸ್ ಕಾರ್ಡ್. ಮೊದಲೇ ಆ ದೇಶದ ಕರೆನ್ಸಿ ತುಂಬಿಸಿ ಬಳಸುವ ಕಾರ್ಡಿದು. ಆದರೆ ಅಮೆರಿಕನ್ ಡಾಲರ್ ತುಂಬಿಸಿ ಯುರೋಪಿನಲ್ಲಿ ಉಜ್ಜಿದರೆ ಮತ್ತೆ ಪರಿವರ್ತನೆ, ಸಾಮಾನ್ಯವಾಗಿ ಮತ್ತೆ ಶುಲ್ಕ. ಹೋಗುವ ದೇಶದ ಕರೆನ್ಸಿಯನ್ನೇ ತುಂಬಿಸಿ.

ಇನ್ನೂ ಮೂರು ಎಚ್ಚರಿಕೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ವಹಿವಾಟನ್ನು ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ವಾಪಸ್ ಬಂದ ಮೇಲೆ ಆಫ್ ಮಾಡೋದನ್ನು ಮರೀಬೇಡಿ. ಎರಡು, ಕ್ರೆಡಿಟ್ ಕಾರ್ಡಿನಿಂದ ವಿದೇಶದ ಎಟಿಎಂನಲ್ಲಿ ಕ್ಯಾಶ್ ತೆಗೀಬೇಡಿ. ಅದಕ್ಕೆ ಶುಲ್ಕ ಬೇರೆ, ಬಡ್ಡಿ ಬೇರೆ, ಅದೂ ಮೊದಲ ದಿನದಿಂದಲೇ. ಮೂರು, ಬುಕಿಂಗ್ ಕ್ಯಾನ್ಸಲ್ ಮಾಡಿದರೆ ಕಟ್ಟಿದಷ್ಟೇ ರೂಪಾಯಿ ವಾಪಸ್ ಬರುತ್ತೆ ಅಂತ ನಂಬಬೇಡಿ. ರೀಫಂಡ್ ಬರುವ ದಿನದ ದರವೇ ಬೇರೆ ಇರುತ್ತದೆ.

ಬ್ಯಾಂಕು ಕದ್ದುಮುಚ್ಚಿ ಏನೂ ಮಾಡಿಲ್ಲ ಅಂತ ವಾದ ಮಾಡಬಹುದು. ನಿಜ, ಎಲ್ಲಾ ಬರೆದೇ ಇರುತ್ತದೆ. ಆದರೆ ಬರೆದಿರೋದು ದುಡ್ಡು ಕಟ್ಟುವ ಪರದೆಯ ಮೇಲಲ್ಲ, ಹತ್ತಾರು ಪುಟಗಳ ದಾಖಲೆಯೊಳಗೆ. 'ಪೇ' ಒತ್ತುವ ಮೊದಲು "ನಿಮ್ಮ ಶುಲ್ಕ 4,130 ರೂಪಾಯಿ" ಅಂತ ಒಂದು ಸಾಲು ತೋರಿಸಿದ್ದರೆ ನಾನು ಬೇರೆ ಕಾರ್ಡ್ ಹುಡುಕುತ್ತಿದ್ದೆ. ಬಸ್ಸಿನಲ್ಲಿ ದುಡ್ಡು ಈಸ್ಕೊಂಡ ತಕ್ಷಣ ಟಿಕೆಟ್ ಹರಿದು ಕೊಡ್ತಾರೆ. ಅಷ್ಟು ಸರಳ ಮರ್ಯಾದೆಯನ್ನು ಬ್ಯಾಂಕುಗಳಿಂದಲೂ ನಾವು ಕೇಳಬೇಕಲ್ವಾ?

ಒಂದು ಮಾತು ಹೇಳಿ ಮುಗಿಸ್ತೀನಿ. ಸಿಂಗಪುರದಲ್ಲಿ ಅಮ್ಮನಿಗೆ ಒಂದು ಕೈಗಡಿಯಾರ ಇಷ್ಟವಾಗಿತ್ತಂತೆ. ನಮ್ಮ ದುಡ್ಡಲ್ಲಿ ಮೂರು ಸಾವಿರ ಚಿಲ್ಲರೆ. "ದುಬಾರಿ ಆಯ್ತು ಕಣಪ್ಪಾ, ಬೇಡ ಅಂತ ಬಿಟ್ಟುಬಂದೆ" ಅಂದರು. ಅದಕ್ಕಿಂತ ಹೆಚ್ಚು ದುಡ್ಡನ್ನು ಆ ಹೊತ್ತಿಗಾಗಲೇ ನಾನು ಗೊತ್ತಿಲ್ಲದೇ ಕಳೆದಿದ್ದೆ.

ನಿಮ್ಮ ಮನೆಯಲ್ಲಿ ಯಾರಾದರೂ ಹೊರಡುವವರಿದ್ದರೆ ಇವತ್ತೇ ಆ ಕಾರ್ಡಿನ ಶುಲ್ಕ ನೋಡಿ.