ಮೊದಲ ಟ್ರಯಥ್ಲಾನ್: ಕಾರ್ಬನ್ ಸೈಕಲ್ ಆಮೇಲೆ, ಹೆಲ್ಮೆಟ್ ಮೊದಲು

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಗೆಳೆಯರೇ, ಮೊದಲ ಟ್ರಯಥ್ಲಾನ್‌ಗೆ ಹೆಸರು ಕೊಡಬೇಕು ಅಂತಿದ್ದೀರಾ? ಸ್ಪ್ರಿಂಟ್ ದೂರ ಆರಿಸಿಕೊಳ್ಳಿ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಮೂರೂ ಒಂದರ ಹಿಂದೆ ಒಂದು. ನಡುವೆ ಗಡಿಯಾರ ನಿಲ್ಲುವುದಿಲ್ಲ.

ನಮ್ಮ ಕಡೆ ಕಷ್ಟ ಇರುವುದು ಈಜಿನಲ್ಲೇ. ಮಂಜೀರಾ ನದಿ ಹತ್ತಿರವಿದೆ, ಸಿಂಗೂರು ಜಲಾಶಯವೂ ಇದೆ. ದಯವಿಟ್ಟು ಅಲ್ಲಿ ಇಳಿಯಬೇಡಿ. ಅದು ಕುಡಿಯುವ ನೀರು. ಸಿಂಗೂರಿನ ಕೆಳಗಿನ ಮಂಜೀರಾ ಅಭಯಾರಣ್ಯದಲ್ಲಿ ಮೊಸಳೆಗಳಿವೆ. ಬಸ್ ಹತ್ತಿ ದೂರ ಹೋಗಬೇಕಾದರೂ ಜೀವರಕ್ಷಕರಿರುವ ಈಜುಕೊಳಕ್ಕೇ ಹೋಗಿ. ದುಡ್ಡನ್ನು ಮೊದಲು ಇಲ್ಲಿ ಹಾಕಿ: ತರಬೇತುದಾರರ ಫೀಸು, ನೀರು ನುಗ್ಗದ ಒಂದು ಜೊತೆ ಗಾಗಲ್ಸ್. ವೆಟ್‌ಸೂಟ್ ತಣ್ಣೀರಿನ ದೇಶಗಳ ಉಡುಪು. ನಮ್ಮ ಬೆಚ್ಚನೆಯ ನೀರಿಗೆ ಬೇಡ.

ಸೈಕಲ್? ಮನೆಯಲ್ಲಿರುವ ಗೇರ್ ಸೈಕಲ್ ಸಾಕು. ಬ್ರೇಕ್, ಚೈನ್ ಸರಿ ಮಾಡಿಸಿ, ಸೀಟಿನ ಎತ್ತರ ಹೊಂದಿಸಿ. ತಾಂಡೂರಿನ ರಸ್ತೆಗಳಲ್ಲಿ ಕಲ್ಲು, ಸಿಮೆಂಟ್ ಲಾರಿಗಳು. ಜಹೀರಾಬಾದಿನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿ. ಹಾಗಾಗಿ ಹೆಲ್ಮೆಟ್, ಹಿಂದಿನ ಕೆಂಪು ದೀಪ, ಪಂಕ್ಚರ್ ಕಿಟ್ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಸ್ಪರ್ಧೆಯಲ್ಲೂ ಅಷ್ಟೇ, ಹೆಲ್ಮೆಟ್ ಪಟ್ಟಿ ಬಿಗಿದ ಮೇಲೆಯೇ ಸ್ಟ್ಯಾಂಡಿನಿಂದ ಸೈಕಲ್ ತೆಗೆಯಬೇಕು.

ಶೂ ಮಾತ್ರ ಹೊಸದು ಕೊಳ್ಳಿ, ಅಂಗಡಿಯಲ್ಲೇ ಹಾಕಿ ನಾಲ್ಕು ಹೆಜ್ಜೆ ಓಡಿ ನೋಡಿ.

ಇನ್ನೊಂದು: ವಾರಕ್ಕೊಮ್ಮೆ ಸೈಕಲ್‌ನಿಂದ ಇಳಿದ ತಕ್ಷಣ 2 ಕಿಲೋಮೀಟರ್ ಓಡಿ. ಮೊದಲ ಸಲ ಕಾಲು ನಿಮ್ಮದಲ್ಲ ಅನಿಸುತ್ತದೆ. ಹೆದರಬೇಡಿ, ಪೆಡಲ್ ತುಳಿದ ಸ್ನಾಯು ಓಟಕ್ಕೆ ಒಗ್ಗಲು ಕೆಲವು ನಿಮಿಷ ಬೇಕು. ಕಾರ್ಬನ್ ಸೈಕಲ್, ದುಬಾರಿ ವಾಚು ಎಲ್ಲ ಎರಡನೇ ಸ್ಪರ್ಧೆಗೆ ಇರಲಿ.