ಬಿಡದಿಯೋ ಮೈಸೂರೋ? ಚೀಲ ಕಾಯುವವರ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ನಿಮ್ಮ ಮನೆಯಲ್ಲೂ ಇದೇ ಪಾಡಿರಬೇಕು. ಪರೀಕ್ಷೆ ಇನ್ನೂ ಮುಗಿದಿರುವುದಿಲ್ಲ, ಮಕ್ಕಳ ಬಾಯಲ್ಲಿ ಆಗಲೇ ರಜೆಯ ಮಾತು. ನಮ್ಮಲ್ಲಿ ಈ ಸಲ ಎರಡು ಪಕ್ಷಗಳಾದವು. ಎಸ್.ಎಸ್.ಎಲ್.ಸಿ. ಬರೆಯುತ್ತಿದ್ದ ಮಗನದ್ದು ಬಿಡದಿಯ ವಂಡರ್‌ಲಾ ಪಕ್ಷ. ನಮ್ಮವರದ್ದು ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಪಕ್ಷ. ಮೂರನೇ ತರಗತಿಯ ಮಗಳು ಬೆಳಿಗ್ಗೆ ಅಣ್ಣನ ಕಡೆ, ಸಂಜೆ ಅಪ್ಪನ ಕಡೆ. ಅತ್ತೆಯವರಂತೂ, “ನನ್ನನ್ನು ಬಿಡಿ, ಮಲ್ಲಿಗೆ ಕೊಯ್ಯಲಿಕ್ಕೆ ಒಂದು ಜನ ಬೇಕಲ್ಲ” ಎಂದು ಮೊದಲೇ ಹಿಂದೆ ಸರಿದುಬಿಟ್ಟರು.

ಮಲ್ಲಿಗೆಯ ಮಾತು ಬಂದದ್ದಕ್ಕೆ ಕಾರಣ ಉಂಟು. ನಮ್ಮ ಮನೆ ಶಂಕರಪುರದ ಹತ್ತಿರ. ಅಂಗಳದಲ್ಲಿ ನಲವತ್ತು ಮಲ್ಲಿಗೆ ಗಿಡಗಳಿವೆ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಇವತ್ತು ಇದ್ದದ್ದು ನಾಳೆ ಇಲ್ಲ. ಆ ಹಣದಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಪೋಸ್ಟಾಫೀಸಿನಲ್ಲಿ ಐದು ವರ್ಷ ಆರ್.ಡಿ. ಕಟ್ಟಿದ್ದೆ. ಈ ವರ್ಷ ಅದು ಕೈಗೆ ಬಂತು, ಬಡ್ಡಿ ಸೇರಿ ಮೂವತ್ತೈದು ಸಾವಿರದ ಹತ್ತಿರ. ಮಗ ಜೂನ್‌ನಲ್ಲಿ ಪಿ.ಯು.ಸಿ.ಗೆ ಹಾಸ್ಟೆಲ್ ಸೇರುತ್ತಾನೆ. ಇನ್ನು ಅವನ ರಜೆಗೂ ನಮ್ಮ ರಜೆಗೂ ತಾಳೆಯಾಗುವುದು ಯಾವಾಗಲೋ ಏನೋ. ಹಾಗಾಗಿ, “ಎಲ್ಲರೂ ಒಮ್ಮೆ ಹೋಗಿ ಬರುವ, ಹಣ ನನ್ನದು” ಎಂದೆ. ನಮ್ಮವರು ನಕ್ಕು, “ಹಣ ನಿನ್ನದಾದರೆ ತೀರ್ಮಾನವೂ ನಿನ್ನದೇ ಮಾರಾಯ್ತಿ” ಎಂದರು.

ಸೋದರಿಯರೇ, ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಎಲ್ಲಿಗೆ ಹೋಗುವುದೆಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಕೇಳಿದಾಗ ನನಗೆ ಉತ್ತರವೇ ಹೊಳೆಯಲಿಲ್ಲ. ಹೊಳೆದದ್ದು ಹಳೆಯ ಒಂದು ದಿನ.

ಆರು ವರ್ಷದ ಹಿಂದೆ ಕಾರ್ಕಳದ ಅಕ್ಕನ ಮನೆಯವರ ಜೊತೆ ಇಂಥದ್ದೇ ಒಂದು ಪಾರ್ಕಿಗೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಡ, ತಪ್ಪು ಪಾರ್ಕಿನದ್ದಲ್ಲ. ಎಲ್ಲರೂ ನೀರಿಗೆ ಓಡಿದರು. ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಏಳು ಚೀಲ, ಭಾವನ ಕನ್ನಡಕ, ಆರು ಜೊತೆ ಚಪ್ಪಲಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತದ್ದೇ. ಸಾಮಾನಿಡಲು ಬಾಡಿಗೆಗೆ ಲಾಕರ್ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಹೇಳಬೇಕೆಂದು ತೋಚಲಿಲ್ಲ. ಸಂಜೆ ಬಸ್ಸಿನಲ್ಲಿ ಎಲ್ಲರೂ ಸೇರಿ ನನಗೆ ಆ ಪಾರ್ಕನ್ನು ವರ್ಣಿಸಿದರು! ನಾನೂ ಟಿಕೆಟ್ ಕೊಂಡವಳೇ.

ಈ ಸಲ ಹಾಗಾಗಬಾರದೆಂದು ಎರಡೂ ಕಡೆಯ ವಿಷಯ ವಿಚಾರಿಸಲು ಕುಳಿತೆ. ಮಣಿಪಾಲದಲ್ಲಿ ಕೆಲಸಕ್ಕಿರುವ ಪಕ್ಕದ ಮನೆಯ ಹುಡುಗಿ ಮೊಬೈಲಿನಲ್ಲಿ ಹುಡುಕಿಕೊಟ್ಟಳು. ಉಳಿದದ್ದನ್ನು ಹೋಗಿಬಂದವರಿಂದ ಕೇಳಿದೆ.

ವಂಡರ್‌ಲಾ ಇರುವುದು ಬೆಂಗಳೂರಿನಿಂದ 28 ಕಿಲೋಮೀಟರ್ ದೂರದಲ್ಲಿ, ಮೈಸೂರು ರಸ್ತೆಯ ಬಿಡದಿಯ ಹತ್ತಿರ. 2005ರಲ್ಲಿ ತೆರೆದದ್ದು, 82 ಎಕರೆ. ವಿ-ಗಾರ್ಡ್ ಸ್ಟೆಬಿಲೈಸರ್ ನಿಮ್ಮ ಮನೆಯಲ್ಲೂ ಇರಬಹುದು, ಅದೇ ಕಂಪೆನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು ಕಟ್ಟಿಸಿದ್ದು. ಆಟಗಳ ವಿಷಯದಲ್ಲಿ ಮಗನ ಮಾತು ಸುಳ್ಳಲ್ಲ, ಅಷ್ಟು ಬಗೆ ಇನ್ನೊಂದು ಕಡೆ ಇಲ್ಲ. ಮುಂದೆ ಹೋಗಿ ಮತ್ತೆ ಹಿಮ್ಮುಖವಾಗಿ ಬರುವ ರಿಕಾಯಿಲ್ ಎಂಬ ರೋಲರ್ ಕೋಸ್ಟರ್, ಗೋಪುರದ ತುದಿಯಲ್ಲಿ ತಿರುಗುವ ಸ್ಕೈ ವೀಲ್, ಹಾಡು ಹಾಕಿ ಮಳೆ ಸುರಿಸುವ ರೇನ್ ಡಿಸ್ಕೊ, ಹೀಗೆ. ಜಿ.ಆರ್.ಎಸ್. ಇರುವುದು ಮೈಸೂರಿನಲ್ಲಿಯೇ, ಕೆ.ಆರ್.ಎಸ್. ರಸ್ತೆಯ ಮೇಟಗಳ್ಳಿಯಲ್ಲಿ. ಸುಮಾರು 30 ಎಕರೆ. ಜಾರುಬಂಡೆಗಳು, ತೆರೆ ಏಳುವ ಕೊಳ, ಒಣ ಆಟಗಳು ಎಲ್ಲಾ ಉಂಟು, ಆದರೆ ಗಾತ್ರದಲ್ಲಿ ತಮ್ಮ.

ಅಷ್ಟು ಕೇಳಿದರೆ ಯಾರೂ ಬಿಡದಿ ಎಂದೇ ಹೇಳಿಯಾರು. ಆದರೆ ಒಂದು ಸಣ್ಣ ವಿಷಯ ನನ್ನ ಲೆಕ್ಕವನ್ನೇ ತಿರುಗಿಸಿತು. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನು ವಯಸ್ಸು ನೋಡಿ ಕೊಡುವುದಲ್ಲ, ಎತ್ತರ ಅಳೆದು ಕೊಡುವುದು. 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟಿಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. ಎದೆ ಝಲ್ಲೆನಿಸುವ ದೊಡ್ಡ ಆಟಗಳಿಗೆ ಹೆಚ್ಚಾಗಿ ಆ 140 ಇರಲೇಬೇಕು, ಅಂದರೆ ನಾಲ್ಕು ಅಡಿ ಏಳು ಇಂಚು. ನಮ್ಮವರ ಟೇಪು ತಂದು ಅಡುಗೆಮನೆಯ ಬಾಗಿಲಿಗೆ ಮಗಳನ್ನು ಒರಗಿಸಿ ಅಳೆದೆ. 128! ಅವಳು ತುದಿಗಾಲಲ್ಲಿ ನಿಂತಳು, ಆಗಲೂ ಮುಟ್ಟಲಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಐದು ಜನರಲ್ಲಿ ಮಗಳಿಗೆ ಎತ್ತರ ಸಾಲದು. ಅತ್ತೆಯವರಿಗೆ ಅರುವತ್ತೆಂಟು, ಮಂಡಿನೋವು. ನಮ್ಮವರಿಗೆ ರಕ್ತದೊತ್ತಡ. ಬಿ.ಪಿ., ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ಇಂಥ ಆಟಗಳಿಗೆ ಹತ್ತಬಾರದೆಂದು ಎಲ್ಲಾ ಪಾರ್ಕುಗಳಲ್ಲೂ ಬೋರ್ಡೇ ಇರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಗಾದರೆ ಬಿಡದಿಯ ದೊಡ್ಡ ಆಟಗಳಿಗೆ ಉಳಿದದ್ದು ಮಗ ಒಬ್ಬನೇ, ಮತ್ತೆ ನಾನು, ಅದೂ ಧೈರ್ಯ ಬಂದರೆ. ಆಟ ಆಡದವರಿಗೂ ಒಳಗೆ ಹೋಗಬೇಕಾದರೆ ಟಿಕೆಟ್ ಬೇಕು. ಹಿರಿಯರಿಗೆ ರಿಯಾಯಿತಿ ಉಂಟು, ನಿಜ. ಆದರೂ ದೊಡ್ಡವರಿಗೆ ತಲೆಗೆ ಸಾವಿರದ ಮೇಲೆಯೇ ದರ. ಅಷ್ಟು ಕೊಟ್ಟು ಅತ್ತೆಯವರನ್ನು ಬೆಂಚಿನ ಮೇಲೆ ಕೂರಿಸುವುದೇ? ನಾನು ಕುಳಿತ ಬೆಂಚು ಸಾಲದೇ?

ಹೊರಗೆ ಬಿಟ್ಟು ಹೋಗುವ ಎಂದರೆ ಅದು ಹೆದ್ದಾರಿಯ ಬದಿ. ತಟ್ಟೆ ಇಡ್ಲಿ ತಿಂದು ಎಷ್ಟು ಹೊತ್ತು ಕಳೆಯಬಹುದು! ಮೈಸೂರು ಹಾಗಲ್ಲ. ಪಾರ್ಕಿಗೆ ಹೋಗದವರಿಗೆ ಊರೇ ಉಂಟು. ನಾನು ಎರಡು ಪಾರ್ಕುಗಳನ್ನು ತೂಗಿದ್ದು ಈ ಒಂದು ತಕ್ಕಡಿಯಲ್ಲಿ: ಒಳಗೆ ಹೋಗದವರು ಆ ದಿನವನ್ನು ಎಲ್ಲಿ, ಹೇಗೆ ಕಳೆಯುತ್ತಾರೆ?

“ಮೈಸೂರು” ಎಂದು ಹೇಳಿದೆ. ಮಗ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತನಾಡಲಿಲ್ಲ. “ಅಮ್ಮಾ, ಕ್ಲಾಸಿನಲ್ಲಿ ಎಲ್ಲರೂ ವಂಡರ್‌ಲಾ ನೋಡಿದ್ದಾರೆ, ನಾನೊಬ್ಬನೇ ಇಲ್ಲ” ಎಂದ. ನನಗೂ ಕರುಳು ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಅವನಿಗೆ ಗೆಳೆಯರ ಜೊತೆ ಬಿಡದಿಗೆ ಹೋಗಲು ಇನ್ನೂ ಎಷ್ಟೋ ವರ್ಷಗಳಿವೆ. ಅಜ್ಜಿಯ ಜೊತೆ ಹೋಗಲು ಅಷ್ಟಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಹೊರಡುವ ದಿನದ ಬಗ್ಗೆಯೂ ಸ್ವಲ್ಪ ಯೋಚಿಸಿ. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪ ಹಚ್ಚುವುದು ಭಾನುವಾರ ಮತ್ತು ಸರಕಾರಿ ರಜಾದಿನಗಳ ಸಂಜೆ. ಪಾರ್ಕಿನಲ್ಲಿ ಮಾತ್ರ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೆ ಶನಿವಾರ ರಾತ್ರಿ ಬಸ್ಸು, ಭಾನುವಾರ ಮೃಗಾಲಯ ಮತ್ತು ಅರಮನೆ, ಸೋಮವಾರ ಪಾರ್ಕ್, ಅದೇ ರಾತ್ರಿ ವಾಪಸು ಎಂದು ಗೊತ್ತು ಮಾಡಿದೆ. ನಮ್ಮವರಿಗೆ ಕಾಪುವಿನಲ್ಲಿ ಟೈಲರ್ ಅಂಗಡಿ, ಸೋಮವಾರ ಒಂದು ದಿನ ಮುಚ್ಚಿದರೆ ಸಾಕಾಯಿತು. ಮುರ್ಡೇಶ್ವರದಿಂದ ಬರುವ ರೈಲು ಉಡುಪಿಯ ಮೇಲೆ ಮೈಸೂರಿಗೂ ಹೋಗುತ್ತದೆ, ಆದರೆ ಮುಟ್ಟುವುದು ಬೆಳಗಾಗುವ ಮುಂಚೆ. ಮಕ್ಕಳು ಮುದುಕರನ್ನು ಕಟ್ಟಿಕೊಂಡು ಆ ಹೊತ್ತಿಗೆ ಇಳಿಯುವುದು ನನಗೆ ಒಗ್ಗಲಿಲ್ಲ. ಬಿಡದಿಗೆ ಹೋಗುವವರಾದರೆ ಕಾರವಾರದ ರಾತ್ರಿ ರೈಲು ಪಂಚಗಂಗಾ ಅನುಕೂಲ. ಬೆಂಗಳೂರಿನ ಮೆಟ್ರೋ 2023ರಿಂದ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೂ ಬಂದಿದೆ, ಅಲ್ಲಿಂದ ಬಿಡದಿ ದೂರವಿಲ್ಲ.

ಮಲ್ಲಿಗೆ ಕೊಯ್ಯುವ ಕೆಲಸವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದೆ, ಬಂದದ್ದರಲ್ಲಿ ಅರ್ಧ ಅವರಿಗೆ. ಏಪ್ರಿಲ್‌ನಲ್ಲಿ ಹೂವು ಹೆಚ್ಚು, ದರ ಕಡಿಮೆ, ನಷ್ಟವೇನೂ ದೊಡ್ಡದಲ್ಲ. ಅತ್ತೆಯವರ ನೆಪ ಅಲ್ಲಿಗೆ ಮುಗಿಯಿತು. “ಘಾಟಿಯಲ್ಲಿ ವಾಂತಿ ಬಂದರೆ?” ಎಂದರು. ನಿಂಬೆಹಣ್ಣು, ಶುಂಠಿ ಚೂರು ಸೆರಗಿಗೆ ಕಟ್ಟಿದೆ. ಸಂಪಾಜೆ ಘಾಟಿ ಹತ್ತುವಾಗ ಅವರು ಒಳ್ಳೆ ನಿದ್ದೆಯಲ್ಲಿದ್ದರು, ವಾಂತಿ ಮಾಡಿದ್ದು ಮಗ!

ಉಡುಪಿನ ವಿಷಯ ಹೇಳದಿದ್ದರೆ ನೀವು ಪೇಚಾಡುತ್ತೀರಿ. ಇಂಥ ಕಡೆ ಸೀರೆ, ಚೂಡಿದಾರ, ಹತ್ತಿ ಬಟ್ಟೆ ತೊಟ್ಟವರನ್ನು ನೀರಿಗೆ ಬಿಡುವುದಿಲ್ಲ. ನೈಲಾನ್ ಅಥವಾ ಲೈಕ್ರಾ ಆಗಬೇಕು. ಅಲ್ಲಿ ಕೊಳ್ಳಲು ಸಿಗುತ್ತದೆ, ಮನೆಯಿಂದ ತಂದರೆ ಹಣ ಉಳಿಯುತ್ತದೆ. ನಮ್ಮವರು ಉಡುಪಿಯಿಂದ ಬಟ್ಟೆ ತಂದು ನನಗೆ ಪೂರ್ತಿ ತೋಳಿನ ಅಂಗಿ, ಕಾಲಿನವರೆಗೆ ಬರುವ ಪ್ಯಾಂಟು ಹೊಲಿದರು. ಇಷ್ಟು ವರ್ಷ ಊರವರ ರವಿಕೆಗಳನ್ನೆಲ್ಲ ಹೊಲಿದವರು, ಹೆಂಡತಿಯ ಈಜುಡುಗೆ ಹೊಲಿಯುವಾಗ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡಿದ್ದರಂತೆ! ಚಿನ್ನ ಮನೆಯಲ್ಲೇ ಇರಲಿ. ಕರಿಮಣಿ ತೆಗೆಯಲು ಮನಸ್ಸಾಗದಿದ್ದರೆ ನೂಲಿಗೆ ನಾಲ್ಕು ಮಣಿ ಪೋಣಿಸಿ ಹಾಕಿಕೊಳ್ಳಿ. ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರಿನಲ್ಲಿ ನಿಮ್ಮ ದಿನಗಳ ಲೆಕ್ಕವನ್ನೂ ನೋಡಿ, ಎಲ್ಲರ ಅನುಕೂಲ ನೋಡುವ ಗಡಿಬಿಡಿಯಲ್ಲಿ ಇದೊಂದನ್ನು ನಾವು ಮರೆಯುತ್ತೇವೆ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಹೋಗಿ. ನಾನು ಕಟ್ಟಿಕೊಂಡು ಹೋದ ಚಪಾತಿ, ಅವಲಕ್ಕಿ ಚೂಡಾ ಬಸ್ಸಿಗೂ ಲಾಡ್ಜಿಗೂ ಆಯಿತು.

ಭಾನುವಾರ ಮೃಗಾಲಯದಲ್ಲಿ ಅತ್ತೆಯವರನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿದೆವು. 1892ರಲ್ಲಿ ಶುರುವಾದ ಮೃಗಾಲಯ ಅದು, ನಡೆದು ನೋಡಬೇಕೆಂದರೆ ನನ್ನ ಕಾಲೇ ಸೋಲುತ್ತದೆ. ಜಿರಾಫೆಯನ್ನು ಕಂಡು ಅವರು, “ಇದಕ್ಕೆ ತೆಂಗಿನಕಾಯಿ ಕೊಯ್ಯಲಿಕ್ಕೆ ಕಲಿಸಬೇಕಿತ್ತು” ಎಂದದ್ದಕ್ಕೆ ಮುಂದೆ ಕುಳಿತವರೂ ನಕ್ಕರು. ಸಂಜೆ ಅರಮನೆಯ ದೀಪ ಒಮ್ಮೆಲೇ ಹತ್ತಿಕೊಂಡಾಗ ಅವರ ಬಾಯಿಂದ ಮಾತೇ ಬರಲಿಲ್ಲ. ಮಾರನೆಯ ದಿನ ತಾಯಿ ಮಗ ಇಬ್ಬರೇ ಚಾಮುಂಡಿ ಬೆಟ್ಟಕ್ಕೆ ಹೋಗಿ, ದೇವರಾಜ ಮಾರುಕಟ್ಟೆ ಸುತ್ತಿ ಬಂದರು. ಅಲ್ಲಿಯ ಮಲ್ಲಿಗೆಯನ್ನು ಮೂಸಿ, ದರ ಕೇಳಿ, ಚೌಕಾಸಿ ಮಾಡಿ, ಕೊನೆಗೆ ಒಂದು ಮೊಳ ತಂದು ನನಗೆ ಮುಡಿಸಿ, “ನಮ್ಮ ಶಂಕರಪುರದ ಹೂವಿನ ಮುಂದೆ ಇದೆಂತ ಇಲ್ಲ ಮಗಾ” ಎಂದು ತೀರ್ಪು ಕೊಟ್ಟರು. ಮೈಸೂರಿನವರು ಸಿಟ್ಟಾಗಬಾರದು. ಮಂಡಿನೋವಿನ ಸುದ್ದಿ ಮೂರು ದಿನದಲ್ಲಿ ಒಮ್ಮೆಯೂ ಬರಲಿಲ್ಲ.

ಅಕ್ಕನ ಮನೆಯವರು ಅದೇ ವಾರ ಬಿಡದಿಗೆ ಹೋಗಿದ್ದರು. ಅವರ ಮೂರು ಮಕ್ಕಳೂ ಕಾಲೇಜಿನವರು, ಹಿರಿಯರು ಜೊತೆಯಲ್ಲಿಲ್ಲ. ಅವರಿಗೆ ಅದೇ ಸರಿ, ಇಡೀ ದಿನ ಸಾಲದೇ ಹೋಯಿತಂತೆ. ನಿಮ್ಮ ಮಕ್ಕಳೆಲ್ಲ ಆ ಗೆರೆ ದಾಟಿದವರಾದರೆ ನೀವೂ ಹೆಚ್ಚು ಯೋಚಿಸದೆ ಬಿಡದಿಗೇ ಹೋಗಿ. ಪರೀಕ್ಷೆ ಬರೆದ ಮಕ್ಕಳ ಹಾಲ್ ಟಿಕೆಟ್ ತೋರಿಸಿದರೆ ರಿಯಾಯಿತಿ ಕೊಡುವುದುಂಟು, ಕೇಳಿ ನೋಡಿ. ಅಲ್ಲಿಯೇ ಉಳಿಯಲು ರೆಸಾರ್ಟೂ ಉಂಟು, ಆದರೆ ನನ್ನ ಆರ್.ಡಿ.ಗೆ ಅದು ನಿಲುಕುವುದಲ್ಲ.

ಸೋಮವಾರ ಪಾರ್ಕಿಗೆ ಹೋದದ್ದು ನಾನು, ಮಗ, ಮಗಳು ಮೂವರೇ. ಮೊದಲು ಮಾಡಿದ ಕೆಲಸ ಲಾಕರ್ ಹಿಡಿದದ್ದು. ಬೀಗದ ಕೈ ಮಗನ ಕೈಗೆ ಕೊಟ್ಟು, “ಇವತ್ತು ಚೀಲದ ಜವಾಬ್ದಾರಿ ನಿನ್ನದು” ಎಂದೆ. ಹೊರಡುವ ಮೊದಲು ಊರಿನಲ್ಲಿ ನಮ್ಮವರು, “ಕಾಪುವಿನ ಕಡಲು ಪುಕ್ಕಟೆ ಇರುವಾಗ ಹಣ ಕೊಟ್ಟು ತೆರೆಯಲ್ಲಿ ಮೀಯುವುದು ಎಂತಕ್ಕೆ?” ಎಂದು ತಮಾಷೆ ಮಾಡಿದ್ದರು. ದೀಪಸ್ತಂಭದ ಬುಡದಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ, ಪಾದ ಒದ್ದೆಯಾದದ್ದು ಬಿಟ್ಟರೆ ಕಡಲಿಗೆ ಇಳಿದವಳಲ್ಲ. ಸೀರೆ ನೆನೆದರೆ ಊರೆಲ್ಲ ನೋಡುತ್ತದೆ, ಮತ್ತೆ ನಮ್ಮ ಕಡಲನ್ನು ನಂಬುವ ಹಾಗೂ ಇಲ್ಲ. ಕಡಲಿನ ಶಬ್ದ ಕೇಳುತ್ತಲೇ ಬೆಳೆದು, ನಲವತ್ತನಾಲ್ಕು ವರ್ಷ ತೆರೆಯಲ್ಲಿ ಮುಳುಗದೆ ಬದುಕಿದವಳು ಆ ಕೊಳದ ಅಂಚಿನಲ್ಲಿ ನಿಂತು ನಡುಗಿದೆ. ಮಗಳು ಆಗಲೇ ಸೊಂಟದ ನೀರಿನಲ್ಲಿ ಕುಣಿಯುತ್ತಿದ್ದಳು. ಮುನಿಸು ಮರೆತ ಮಗ ಹಿಂದಿನಿಂದ ಬಂದು ಕೈ ಹಿಡಿದ. “ಅಮ್ಮಾ, ತೆರೆ ಬರುವಾಗ ಓಡಬೇಡ, ಹಾರು” ಎಂದ. ಹಾರಿದೆ. ಬಾಯಿ, ಮೂಗು ಎಲ್ಲ ನೀರು. ಇನ್ನೊಮ್ಮೆ ಹಾರಿದೆ. ಮಧ್ಯಾಹ್ನದ ಊಟಕ್ಕೆ ಕರೆಯಲು ಮಕ್ಕಳೇ ಬರಬೇಕಾಯಿತು.

ಮಂಗಳವಾರ ಬೆಳಿಗ್ಗೆ ಮನೆ ಮುಟ್ಟಿದಾಗ ಪಕ್ಕದವರು ಹೂವಿನ ಲೆಕ್ಕ ಚೀಟಿಯಲ್ಲಿ ಬರೆದಿಟ್ಟಿದ್ದರು. ಆರ್.ಡಿ. ಹಣದಲ್ಲಿ ಸ್ವಲ್ಪ ಉಳಿದದ್ದಕ್ಕೆ ಹೊಸ ಪುಸ್ತಕ ತೆರೆದಿದ್ದೇನೆ. ಅಡುಗೆಮನೆಯ ಬಾಗಿಲಲ್ಲಿ ಈಗ 140ರ ಹತ್ತಿರ ಕೆಂಪು ಪೆನ್ಸಿಲಿನ ಗೆರೆ ಉಂಟು. ಮಗಳು ಭಾನುವಾರಕ್ಕೊಮ್ಮೆ ಬೆನ್ನು ತಾಗಿಸಿ ನಿಂತು ಕೂಗುತ್ತಾಳೆ, “ಅಮ್ಮಾ, ಅಳತೆ ನೋಡು ಬಾ!”