ಗುರಿ ಮೊದಲು, ಕೋವಿ ಆಮೇಲೆ

ಒಂದು ಬಿಳಿ ಹಾಳೆಯ ಮೇಲೆ ಚೂಪಾದ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಅದರ ಅಗಲ ಸುಮಾರು ಅರ್ಧ ಮಿಲಿಮೀಟರ್ ಇರಲಿ. ಹಾಳೆಯನ್ನು ಗೋಡೆಗೆ ಅಂಟಿಸಿ ಹತ್ತು ಮೀಟರ್ ಹಿಂದಕ್ಕೆ ಬನ್ನಿ. ಚುಕ್ಕೆ ಕಾಣುತ್ತಿದೆಯೇ? ಕಾಣುವುದಿಲ್ಲ! ಆದರೆ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಜಾಗ ಇರುವುದು ಅಷ್ಟೇ. ಅದನ್ನು ಒಂದು ಸಲ ಮುಟ್ಟಿದರೆ ಸಾಲದು. ಎಪ್ಪತ್ತೈದು ನಿಮಿಷಗಳ ಒಳಗೆ ಅರವತ್ತು ಸಲ ಅದೇ ಚುಕ್ಕೆಯ ಬೆನ್ನು ಹತ್ತಬೇಕು.

ಈ ಚುಕ್ಕೆಯೇ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಒಲಿಂಪಿಕ್ಸ್ ಚಿನ್ನ ತಂದುಕೊಟ್ಟಿತು. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಅದು ಮೊದಲ ಚಿನ್ನ. ಅವರ ಕೊನೆಯ ಹೊಡೆತಕ್ಕೆ ಸಿಕ್ಕಿದ್ದು 10.8 ಅಂಕ. ಚುಕ್ಕೆಯ ನಟ್ಟನಡುವಿಗೆ ಬಿದ್ದರೆ ಸಿಗುವುದು 10.9. ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಶೂಟರ್‌ಗಳು ಮೂರು ಕಂಚು ತಂದರು. ಅಂಥ ಸುದ್ದಿ ಟಿ.ವಿ.ಯಲ್ಲಿ ಬಂದಾಗಲೆಲ್ಲ ಎಷ್ಟೋ ಮನೆಗಳಲ್ಲಿ ಒಂದೇ ಬೇಡಿಕೆ: "ಅಪ್ಪಾ, ನಾನೂ ಶೂಟಿಂಗ್ ಕಲೀತೀನಿ."

ಅಪ್ಪನಿಗೆ ಗಾಬರಿ. ಓದುವ ಮಕ್ಕಳ ಕೈಗೆ ಬಂದೂಕೇ? ಇನ್ನೊಂದು ಮನೆಯ ಅಪ್ಪನದು ಬೇರೆ ಯೋಚನೆ. ಮಗಳು ದೂರದ ಊರಿನ ಕಾಲೇಜಿಗೆ ಹೊರಟಿದ್ದಾಳೆ, ಊರಾಚೆಯ ತೋಟದ ಮನೆಯಲ್ಲಿ ವಯಸ್ಸಾದವರಿದ್ದಾರೆ, ರಕ್ಷಣೆಗೆಂದು ಒಂದು ರಿವಾಲ್ವರ್ ಇದ್ದರೆ ಹೇಗೆ? ಒಂದು ಆಟದ ಪ್ರಶ್ನೆ, ಇನ್ನೊಂದು ಜೀವದ ಪ್ರಶ್ನೆ. ನೋಡಲು ಎರಡೂ ಬಂದೂಕಿನ ಮಾತೇ ಆದರೂ ಇವನ್ನು ಕಲಸುವುದರಿಂದಲೇ ಅನಾಹುತಗಳು ಆರಂಭವಾಗುತ್ತವೆ.

ಕೊಡಗಿನ ಕೋವಿ

ಕೋವಿಯನ್ನು ಮನೆಯ ಸದಸ್ಯನಂತೆ ಕಂಡ ನಾಡು ನಮ್ಮಲ್ಲೇ ಇದೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವುದು ಪದ್ಧತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯಿದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಇಷ್ಟು ಸಲಿಗೆ ಇರುವ ನಾಡಿನಲ್ಲಿ ಕೋವಿಗೆ ಕಟ್ಟುಪಾಡೂ ಇದೆ. ಬೇಸಾಯದ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ಅವನ್ನು ಹೊರತೆಗೆದು, ತೊಳೆದು ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಿದ್ದರು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೋವಿ ಎತ್ತುವುದಕ್ಕೊಂದು ಕಾಲ, ಇಳಿಸಿ ಇಡುವುದಕ್ಕೊಂದು ಕಾಲ. ಗುರಿಕಾರಿಕೆಯ ಮೊದಲ ಪಾಠ ಇದರಲ್ಲೇ ಇದೆ ಎಂದರೆ ತಪ್ಪಾಗಲಾರದು.

ರೈಫಲ್ಲೋ ಪಿಸ್ತೂಲೋ?

ಹೊಸಬರು ಶುರುಮಾಡಬೇಕಾದದ್ದು ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ. ಇವುಗಳಲ್ಲಿ ಮದ್ದು ಇರುವುದಿಲ್ಲ. ಒತ್ತಿ ತುಂಬಿದ ಗಾಳಿಯೇ 4.5 ಮಿಲಿಮೀಟರ್ ದಪ್ಪದ ಸೀಸದ ಗುಂಡನ್ನು ತಳ್ಳುತ್ತದೆ. ಗುಂಡಿನ ಮೂತಿ ಚಪ್ಪಟೆ. ಕಾಗದದಲ್ಲಿ ದುಂಡನೆಯ ತೂತು ಕತ್ತರಿಸಿದಂತೆ ಬೀಳಲಿ, ಅಂಕ ಎಣಿಸಲು ಅನುಕೂಲವಾಗಲಿ ಎಂದು ಈ ಏರ್ಪಾಡು.

ರೈಫಲ್‌ಗೆ ಎರಡೂ ಕೈ ಬೇಕು. ಐದೂವರೆ ಕಿಲೋವರೆಗೆ ತೂಕವಿರಬಹುದು. ದಪ್ಪ ಬಟ್ಟೆಯ ಬಿಗಿ ಜಾಕೆಟ್ಟು, ಪ್ಯಾಂಟು, ವಿಶೇಷ ಬೂಟು ತೊಟ್ಟು, ಬಲಗೈಯವರಾದರೆ ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿ ನಿಲ್ಲುತ್ತಾರೆ. ಭಾರ ಹೊರುವುದು ತೋಳಿನ ಸ್ನಾಯು ಅಲ್ಲ, ಎಲುಬು. ಸ್ನಾಯು ದಣಿಯುತ್ತದೆ, ಎಲುಬು ದಣಿಯುವುದಿಲ್ಲ!

ಪಿಸ್ತೂಲಿನ ರೀತಿ ಬೇರೆ. ತೂಕ ಒಂದೂವರೆ ಕಿಲೋ ಮೀರಬಾರದು. ಒಂದೇ ಕೈಯನ್ನು ನೀಡಿ ಹೊಡೆಯಬೇಕು, ಮತ್ತೊಂದು ಕೈ ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಇರುತ್ತದೆ. ಜಾಕೆಟ್ಟಿನ ಆಸರೆ ಇಲ್ಲ. ಅದಕ್ಕೇ ಇಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್‌ನಷ್ಟು ದೊಡ್ಡದು. ಖರ್ಚೂ ತುಸು ಕಡಿಮೆ. ಬಹಳ ಹೊತ್ತು ಅಲುಗದೆ ನಿಲ್ಲಬಲ್ಲವರಿಗೆ ರೈಫಲ್, ಕೈ ಸ್ವಲ್ಪ ಓಲಾಡಿದರೂ ತಾಳ್ಮೆ ಕೆಡದವರಿಗೆ ಪಿಸ್ತೂಲು ಎಂದು ಸ್ಥೂಲವಾಗಿ ಹೇಳಬಹುದು. ಎರಡನ್ನೂ ಕೆಲವು ವಾರ ಹಿಡಿದು ನೋಡದೆ ತೀರ್ಮಾನಿಸಬಾರದು.

ಅದಕ್ಕೆ ಮೊದಲು ನಿಮ್ಮ ಪ್ರಧಾನ ಕಣ್ಣು ಯಾವುದು ಎಂದು ತಿಳಿಯಿರಿ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಗಡಿಯಾರವನ್ನು ಕಿಂಡಿಯಲ್ಲಿ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಅಲ್ಲೇ ಇರುತ್ತದೋ ಅದೇ ಪ್ರಧಾನ ಕಣ್ಣು. ಬಲಗೈಯವರಿಗೆ ಎಡಗಣ್ಣು ಪ್ರಧಾನವಾಗಿರುವುದುಂಟು. ಇದನ್ನು ತರಬೇತುದಾರರಿಗೆ ಮೊದಲ ದಿನವೇ ಹೇಳಬೇಕು.

ಕೊಳ್ಳುವ ಆತುರ ಬೇಡ

ಸ್ಪರ್ಧೆಗೆ ಬಳಸುವ ವಿದೇಶಿ ಏರ್ ರೈಫಲ್‌ಗಳ ಬೆಲೆ ಲಕ್ಷಗಳಲ್ಲಿದೆ. ಮಗನ ಉತ್ಸಾಹ ನೋಡಿ ಸಾಲ ಮಾಡಿ ತಂದು, ಆರು ತಿಂಗಳಿಗೆ ಅದು ಅಟ್ಟ ಸೇರಿದರೆ ಯಾರನ್ನು ದೂರುವುದು? ಒಳ್ಳೆಯ ಕ್ಲಬ್ಬುಗಳಲ್ಲಿ ಕಲಿಯುವವರಿಗೆಂದೇ ರೈಫಲ್, ಪಿಸ್ತೂಲುಗಳಿರುತ್ತವೆ. ಮೊದಲು ಅವನ್ನೇ ಬಳಸಿ. ಕೊಳ್ಳುವ ಕಾಲ ಬಂದಾಗ ಹೆಸರಿಗಿಂತ ಅಳತೆಗೆ ಬೆಲೆ ಕೊಡಿ. ಹಿಡಿ ಅಂಗೈಗೆ ಕೂಡಬೇಕು. ರೈಫಲ್ಲಿನ ಹಿಂಬದಿ ಭುಜಕ್ಕೆ, ಕೆನ್ನೆಗೆ ಒಗ್ಗಬೇಕು. ಬೆಳೆಯುವ ಮಕ್ಕಳಿಗಾದರೆ ಅಳತೆ ಹೊಂದಿಸಿಕೊಳ್ಳಲು ಬರುವಂಥದೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಳಿ ತುಂಬುವ ಸಿಲಿಂಡರಿನ ಮೇಲಿರುವ ದಿನಾಂಕ ನೋಡಿ. ಅವಧಿ ಮುಗಿದ ಸಿಲಿಂಡರ್ ಅಪಾಯ.

ಬಂದೂಕಿಗಿಂತ ಮೊದಲು ಆರಿಸಬೇಕಾದದ್ದು ಕ್ಲಬ್ಬನ್ನು. ಭಾರತೀಯ ರಾಷ್ಟ್ರೀಯ ರೈಫಲ್ ಅಸೋಸಿಯೇಷನ್ 1951ರಲ್ಲಿ ಸ್ಥಾಪನೆಯಾಯಿತು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಮೊದಲ ಅಧ್ಯಕ್ಷರು. ರಾಷ್ಟ್ರಮಟ್ಟಕ್ಕೆ ಏರುವ ಒಂದು ಮೆಟ್ಟಿಲಿಗೆ ಅವರದೇ ಹೆಸರಿದೆ. ನೀವು ಸೇರುವ ಕ್ಲಬ್ಬಿಗೆ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ನಿನ ಮಾನ್ಯತೆ ಇದೆಯೇ, ವಿಚಾರಿಸಿ. ತಂದೆತಾಯಿ ಒಂದು ಸಂಜೆ ಅಲ್ಲಿ ಸುಮ್ಮನೆ ಕುಳಿತು ನೋಡಲಿ. ಹೊಡೆಯದಿದ್ದಾಗ ನಳಿಗೆಯೊಳಗೆ ಬಣ್ಣದ ಸುರಕ್ಷಾ ದಾರ ಹಾಕಿಸುತ್ತಾರೆಯೇ? ‘ಸ್ಟಾಪ್’ ಎಂದ ಕೂಡಲೇ ಎಲ್ಲರೂ ನಿಲ್ಲಿಸುತ್ತಾರೆಯೇ? ಮಕ್ಕಳು ಕೈ ತೊಳೆದೇ ತಿಂಡಿ ಮುಟ್ಟುತ್ತಾರೆಯೇ? ಗುಂಡು ಸೀಸದ್ದು, ಸೀಸ ಹೊಟ್ಟೆ ಸೇರಬಾರದು. ಇಷ್ಟನ್ನು ಪಾಲಿಸದ ಕಡೆ ಎಂಥ ಪದಕವೀರರಿದ್ದರೂ ಮಕ್ಕಳನ್ನು ಬಿಡಬೇಡಿ.

ಖರ್ಚು ಭರಿಸಲಾಗದವರಿಗೆ ಎನ್‌ಸಿಸಿ ಇದೆ. ಅಲ್ಲಿ ಕೆಡೆಟ್‌ಗಳು ಮಲಗಿಕೊಂಡು ಪಾಯಿಂಟ್ ಟೂ ಟೂ ರೈಫಲ್ ಹಾರಿಸಲು ಕಲಿಯುತ್ತಾರೆ. ಮೊದಲು ನೋಡುವುದು ‘ಗ್ರೂಪಿಂಗ್’. ಐದು ಗುಂಡುಗಳು ನಡುವಿನಿಂದ ದೂರ ಬಿದ್ದರೂ ಒಂದೇ ಕಡೆ ಒತ್ತೊತ್ತಾಗಿದ್ದರೆ ಹುಡುಗ ಗೆದ್ದಂತೆ. ಗುರಿಪಟ್ಟಿಯ ತಿರುಪು ತಿರುಗಿಸಿದರೆ ಅವೆಲ್ಲ ನಡುವಿಗೆ ಬರುತ್ತವೆ. ಒಂದು ನಡುವಿಗೆ ಬಿದ್ದು ನಾಲ್ಕು ಚದುರಿದರೆ ಯಾವ ತಿರುಪೂ ಉಪಯೋಗಕ್ಕೆ ಬಾರದು. ಓದಿಗೂ ಈ ಮಾತು ಸಲ್ಲುತ್ತದಲ್ಲವೇ?

ಉಸಿರು ಮತ್ತು ಬೆರಳು

ನಿಂತ ನಿಲುವು ಸರಿಯಾದ ಮೇಲೆ ಉಸಿರು. ಒಳಗೆಳೆದು, ಅರ್ಧ ಬಿಟ್ಟು, ಕೆಲವು ಸೆಕೆಂಡು ತಡೆಯಬೇಕು. ಆ ಹೊತ್ತಿನಲ್ಲಿ ಬೆರಳು ಟ್ರಿಗರನ್ನು ಮೆಲ್ಲಗೆ, ಒಂದೇ ಸಮನೆ ಒತ್ತಬೇಕು. ಜಗ್ಗಿದರೆ ನಳಿಗೆ ಪಕ್ಕಕ್ಕೆ ಸರಿಯುತ್ತದೆ. ಗುಂಡು ಹೊರಟ ಮೇಲೂ ಒಂದು ಕ್ಷಣ ಕಣ್ಣು ಗುರಿಯಲ್ಲೇ ಇರಬೇಕು. ಎಂಟು ಹತ್ತು ಸೆಕೆಂಡಿನಲ್ಲಿ ಹೊಡೆತ ಕೂಡಿಬರಲಿಲ್ಲವೇ? ಹೊಡೆಯಬೇಡಿ, ಇಳಿಸಿಬಿಡಿ. ಉಸಿರಾಡಿ ಮತ್ತೆ ಎತ್ತಿ. ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಎತ್ತಿದ ಮೇಲೆ ಹೊಡೆಯದೆ ಇಳಿಸುವುದು ಸೋಲಿನಂತೆ ಅನ್ನಿಸುತ್ತದೆ. ಪಳಗಿದವರು ಒಂದು ಪಂದ್ಯದಲ್ಲಿ ಎಷ್ಟೋ ಸಲ ಇಳಿಸುತ್ತಾರೆ.

ಮನು ಭಾಕರ್ ಅವರ ಕಥೆ ಕೇಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಅವರ ಪಿಸ್ತೂಲೇ ಕೆಟ್ಟಿತು. ರಿಪೇರಿಗೆ ಅಮೂಲ್ಯ ನಿಮಿಷಗಳು ಹೋದವು. 575 ಅಂಕ ಗಳಿಸಿ ಹನ್ನೆರಡನೆಯವರಾಗಿ ಉಳಿದರು. ಮೂರು ವರ್ಷದ ಬಳಿಕ ಪ್ಯಾರಿಸ್‌ನಲ್ಲಿ ಅವರೇ ಎರಡು ಕಂಚು ಗೆದ್ದರು: ಒಂದು ಒಬ್ಬರೇ, ಇನ್ನೊಂದು ಸರಬ್ಜೋತ್ ಸಿಂಗ್ ಜತೆಗೂಡಿ. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ತಗುಲಿತು. ಮರುವರ್ಷವೇ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು! ಸಿಟ್ಟು, ಆತುರ, ಅಳು ಇವನ್ನೆಲ್ಲ ಬದಿಗಿಡಲು ಕಲಿಸುವ ಆಟ ಇದು. ಬಂದೂಕು ಹಿಡಿದರೆ ಮಗು ಒರಟಾದೀತು ಎಂಬ ಭಯ ಸರಿಯಾದ ಕ್ಲಬ್ಬಿನಲ್ಲಿ ನಿಲ್ಲುವುದಿಲ್ಲ.

ರಕ್ಷಣೆಗೆ ಬೇಕೇ?

ಇನ್ನು ಎರಡನೆಯ ಪ್ರಶ್ನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 21 ವರ್ಷ ತುಂಬದವರಿಗೆ ಲೈಸೆನ್ಸ್ ಇಲ್ಲ. ಎಂದರೆ ಬಹುಪಾಲು ವಿದ್ಯಾರ್ಥಿಗಳ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು. ದೊಡ್ಡವರಾದರೆ ಜಿಲ್ಲಾಧಿಕಾರಿಗೋ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರಿಗೋ ಅರ್ಜಿ ಹಾಕಬೇಕು. ಪೊಲೀಸ್ ವಿಚಾರಣೆ ನಡೆಯುತ್ತದೆ. 2016ರ ನಿಯಮಗಳಂತೆ ಸುರಕ್ಷತೆಯ ತರಬೇತಿಯೂ ಕಡ್ಡಾಯ. ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸುವ ತಾಪತ್ರಯ ಮಲೆನಾಡಿನ ರೈತರಿಗೆ ಚೆನ್ನಾಗಿ ಗೊತ್ತು. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಬೇಜವಾಬ್ದಾರಿಯಿಂದ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ ಲಕ್ಷ ರೂಪಾಯಿಗೂ ಮೇಲು. ಆಗಲೇ ಅನೇಕರು ಆಕ್ಷೇಪ ಎತ್ತಿದ್ದರು. ಅವರ ಅನುಮಾನಕ್ಕೆ ಕಾರಣವಿತ್ತು. ಬೀಗದ ಒಳಗಿರುವ ರಿವಾಲ್ವರ್ ಕಳ್ಳ ಬಂದಾಗ ಕೈಗೆ ಸಿಗದು. ಕೈಗೆ ಸಿಗುವಂತೆ ದಿಂಬಿನಡಿ ಇಟ್ಟರೆ ಮೊದಲು ಸಿಗುವುದು ಮನೆಯ ಮಗುವಿಗೆ. ಗುರಿಕಟ್ಟೆಯಲ್ಲಿ ಎಪ್ಪತ್ತೈದು ನಿಮಿಷ, ಒಳ್ಳೆಯ ಬೆಳಕು, ಅಲುಗದ ಗುರಿ. ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ, ಎದುರಿಗಿರುವವನು ಕಳ್ಳನೋ ನೀರು ಕುಡಿಯಲು ಎದ್ದ ತಮ್ಮನೋ ಎಂದು ತಿಳಿಯದಾಗ ಆ ಅಭ್ಯಾಸ ಎಷ್ಟು ಕೆಲಸಕ್ಕೆ ಬಂದೀತು? ಕಾನೂನು ಸ್ವರಕ್ಷಣೆಯ ಹಕ್ಕು ಕೊಟ್ಟಿದೆ, ನಿಜ. ಆದರೆ ರಕ್ಷಣೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚಿನ ಹಾನಿಗೆ ಅದರ ಆಸರೆ ಇಲ್ಲ. ಗಟ್ಟಿ ಬಾಗಿಲು, ಹೊರಗೊಂದು ದೀಪ, ಒಂದು ನಾಯಿ, ಕರೆದರೆ ಬರುವ ನೆರೆಯವರು, 112ಕ್ಕೆ ಒಂದು ಕರೆ: ಹೆಚ್ಚಿನ ಮನೆಗಳಿಗೆ ಕಾವಲು ಇವೇ.

ಕೋವಿ ಇರುವ ಮನೆಗಳಿಗೆ

ಕಾಡಂಚಿನ ತೋಟದವರಿಗೆ ಕೋವಿ ಅನಿವಾರ್ಯವಿರಬಹುದು, ಅಜ್ಜನ ಕಾಲದ ಕೋವಿ ಮನೆಯಲ್ಲಿರಬಹುದು. ಅಂಥವರು ಇಷ್ಟನ್ನು ತಪ್ಪದೆ ಪಾಲಿಸಬೇಕು:

ಖಾಲಿ ಎಂದು ಗೊತ್ತಿದ್ದರೂ ಕೋವಿಯಲ್ಲಿ ತೋಟಾ ಇದೆ ಎಂದೇ ತಿಳಿಯಿರಿ.

ನಳಿಗೆಯನ್ನು ತಮಾಷೆಗೂ ಯಾರತ್ತಲೂ ತಿರುಗಿಸಬೇಡಿ.

ಗುರಿ ಖಚಿತವಾಗುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು.

ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ನೋಡಿ.

ಕೋವಿ ಒಂದು ಕಪಾಟಿನಲ್ಲಿ, ತೋಟಾ ಬೇರೊಂದರಲ್ಲಿ, ಎರಡಕ್ಕೂ ಬೀಗ. ಕೀಲಿಕೈ ಎಲ್ಲಿದೆ ಎಂದು ಮಕ್ಕಳಿಗೆ ಗೊತ್ತಿರಬಾರದು.

ಏರ್‌ಗನ್ ಆಟಿಕೆಯಲ್ಲ. ಅದರ ಗುಂಡು ಕಣ್ಣು ಕಳೆಯಬಲ್ಲದು. ಅದರಿಂದ ಕಾಡುಹಕ್ಕಿ ಹೊಡೆಯುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ.

ಬೀಗದ ಮಾತನ್ನು ತಂದೆತಾಯಿ ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಹದಿಹರೆಯದ ಮಕ್ಕಳಿಗೆ ಒಂದು ಫಲಿತಾಂಶ, ಒಂದು ಬೈಗುಳ, ಒಂದು ಮುರಿದ ಗೆಳೆತನ ಜಗತ್ತೇ ಮುಗಿದಂತೆ ಅನ್ನಿಸುವ ಗಳಿಗೆ ಬರುತ್ತದೆ. ಆ ಗಳಿಗೆ ಹಾದುಹೋಗುತ್ತದೆ. ಹಾದುಹೋಗಲು ಸ್ವಲ್ಪ ಸಮಯ ಬೇಕು, ಅಷ್ಟೇ. ಭದ್ರವಾದ ಬೀಗ ಕೊಡುವುದು ಆ ಸಮಯವನ್ನು. ಅಂಥ ಮಗು ಮನೆಯಲ್ಲಿದೆ ಎಂದು ಅನುಮಾನ ಬಂದರೆ ಕೋವಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕಾನೂನುಬದ್ಧವಾಗಿ ಬೇರೆಡೆ ಇರಿಸುವ ದಾರಿಯನ್ನು ಠಾಣೆಯಲ್ಲಿ ಕೇಳಿ. ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡಿ.

ಹಾಗಾದರೆ ಶೂಟಿಂಗ್ ಕಲಿಯಬೇಕೇ, ಬೇಡವೇ? ಇಷ್ಟವಿದ್ದರೆ ಧಾರಾಳವಾಗಿ ಕಲಿಯಿರಿ. ಪದಕ ಬರಲಿ, ಬಿಡಲಿ, ಗುರಿ ಕೂಡದಿದ್ದಾಗ ಬಂದೂಕು ಇಳಿಸಿ ಮತ್ತೊಮ್ಮೆ ಉಸಿರಾಡುವ ಅಭ್ಯಾಸ ನಿಮ್ಮದಾಗುತ್ತದೆ. ಪರೀಕ್ಷೆಯ ಕೋಣೆಯಲ್ಲೂ ಮನೆಯ ಜಗಳದಲ್ಲೂ ಅದು ಕೈ ಹಿಡಿಯುತ್ತದೆ.